ಮೈದುನನ ಕ್ರೋಶಾ ಕಡ್ಡಿ

ನನ್ನ ಮೈದುನನಿಗೆ ಬರಿಮೈಯಲ್ಲಿ ನಿಂತಿರುವ ಯಾವುದನ್ನು ಕಂಡರೂ ಆಗುವುದಿಲ್ಲ. ಗಾಬರಿಯಾಗಬೇಡಿ! ನಾನು ಹೇಳುತ್ತಿರುವುದು ಕಾಫಿ ಲೋಟ, ಹಾಲಿನ ಪಾತ್ರೆ, ನೀರಿನ ಸೀಸೆಗಳ ವಿಷಯ. ಅಂಥದ್ದೊಂದು ಕಣ್ಣಿಗೆ ಬಿದ್ದರೆ ಸಾಕು, ಅಯ್ಯೋ ಪಾಪ ಎನ್ನುವಂತೆ ನೋಡಿ, ಜೇಬಿನಿಂದ ಕ್ರೋಶಾ ಕಡ್ಡಿ ತೆಗೆದು ಕೂತುಬಿಡುತ್ತಾನೆ. ರಾತ್ರಿ ಊಟದ ಹೊತ್ತಿಗೆ ಅದಕ್ಕೊಂದು ಅಂಗಿ ಸಿದ್ಧ! ನಾನು ಮದುವೆಯಾಗಿ ಹಲಸೂರಿನ ಆ ಮನೆಗೆ ಕಾಲಿಟ್ಟಾಗ ಅಡುಗೆಮನೆಯಲ್ಲಿ ಬಟ್ಟೆಯಿಲ್ಲದೆ ಉಳಿದಿದ್ದದ್ದು ಒರಳುಕಲ್ಲೊಂದೇ. ಅದಕ್ಕೂ ಅಳತೆ ತೆಗೆದಿದ್ದನಂತೆ. ನಮ್ಮ ಅತ್ತೆ ಸೌಟು ಹಿಡಿದು ಅಡ್ಡ ನಿಂತದ್ದರಿಂದ ಬಚಾವಾಯಿತು.

ಇದು ಎಪ್ಪತ್ತರ ಆಸುಪಾಸಿನ ಮಾತು. ಹಳೇ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕೊರೆಯುವ ಯಂತ್ರದ ಮುಂದೆ ನಿಲ್ಲುವ, ದಪ್ಪ ಮೀಸೆಯ ಗಂಡಸು ದಾರ ಹಿಡಿದು ಹೂವಿನ ಅಂಚು ಹಾಕುತ್ತಾನೆಂದರೆ ನಂಬುವವರು ಯಾರು? ಅವನಿಗೆ ಈ ಹುಚ್ಚು ಹಿಡಿದದ್ದು ಆಸ್ಪತ್ರೆಯಲ್ಲಿ. ಸೈಕಲ್ಲಿನಿಂದ ಬಿದ್ದು ಕಾಲು ಮುರಿದು, ತಿಂಗಳುಗಟ್ಟಲೆ ಮಲಗಬೇಕಾಗಿ ಬಂದಾಗ ಮಾತು ಬಿಟ್ಟ, ಊಟ ಬಿಟ್ಟ, ಗೋಡೆ ಕಡೆ ಮುಖ ಮಾಡಿ ಮಲಗಿದ. ಆ ವಾರ್ಡಿನಲ್ಲಿ ವಯಸ್ಸಾದ ಆಂಗ್ಲೋ-ಇಂಡಿಯನ್ ನರ್ಸಮ್ಮ ಒಬ್ಬರಿದ್ದರು. ಒಂದು ದಿನ ಕಡ್ಡಿ, ದಾರ ತಂದು ಅವನ ಎದೆಯ ಮೇಲೆ ಎಸೆದರಂತೆ.

"ವಾಟ್ ಮ್ಯಾನ್, ಆ ಗೋಡೆಗೆ ಏನು ಸಿನಿಮಾ ಹಾಕಿದಾರಾ? ನಿನ್ ನೀರಿನ ಲೋಟದಾಗೆ ನೊಣ ಬೀಳ್ತದೆ. ಮುಚ್ಚೋಕೆ ಒಂದು ಮಾಡ್ಕೋ, ಮ್ಯಾನ್!"

ಬೆಳಿಗ್ಗೆ ಹಿಡಿದ. ಬಿಚ್ಚಿದ, ಮತ್ತೆ ಹಾಕಿದ, ಬೈದುಕೊಂಡ. ಸಂಜೆಗೆ ಸೊಟ್ಟಗಿನ ಒಂದು ಜಾಲರಿ ಲೋಟದ ಮೇಲೆ ಕೂತಿತು. ನೊಣ ಬಂತು, ಸುತ್ತಿತು, ವಾಪಸು ಹೋಯಿತು. ನಮ್ಮವನು ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದ!

ಅಂದಿನಿಂದ ಅವನದೊಂದೇ ಶಾಸನ. ಬೆಳಿಗ್ಗೆ ಹಿಡಿದದ್ದು ರಾತ್ರಿಯೊಳಗೆ ಕೆಲಸಕ್ಕೆ ಬರಬೇಕು. ಮಂಚದ ಹೊದಿಕೆ, ಮೇಜಿನ ಹೊದಿಕೆ ಎಂದು ವರ್ಷಗಟ್ಟಲೆ ಎಳೆಯುವ ವ್ಯವಹಾರವೇ ಬೇಡ. "ದೊಡ್ಡದನ್ನ ಶುರು ಮಾಡಿದ್ರೆ ಅದು ನಮ್ಮನ್ನ ನೋಡಿ ನಗುತ್ತೆ ಅತ್ತಿಗೆ. ಚಿಕ್ಕದಾದ್ರೆ ನಾವು ಅದನ್ನ ನೋಡಿ ನಗಬಹುದು" ಎನ್ನುತ್ತಿದ್ದ. ಇನ್ನೊಂದು ವಿಶೇಷವೆಂದರೆ, ಏನು ಮಾಡಿದರೂ ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಕುಣಿಕೆಯೊಂದನ್ನು ಬಿಡುತ್ತಿದ್ದ, ಮೊಳೆಗೆ ನೇತುಹಾಕಲು. ವಸ್ತು ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಜಾಗ ಬೇಡವೇ?

ಉಪಯೋಗವಂತೂ ಇತ್ತು, ಸುಳ್ಳು ಹೇಳಬಾರದು. ಡಿಸೆಂಬರಿನ ಚಳಿಯಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ಉಣ್ಣೆಯ ಚೀಲ ತೊಡಿಸಿ ಗಟ್ಟಿ ಮೊಸರು ತಿನ್ನಿಸಿದವನು ಅವನೇ. ಆದರೆ ರೇಡಿಯೋದ ಗುಂಡಿಗಳಿಗೂ ಟೋಪಿ ಹಾಕಿದ ದಿನ ನಮ್ಮ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ವಾರ್ತೆ ಕೇಳಲು ಹೋದವರು ಯಾವ ಗುಂಡಿ ಯಾವುದಕ್ಕೆಂದು ತಿಳಿಯದೆ, ಧ್ವನಿಯನ್ನು ಪೂರ್ತಿ ಏರಿಸಿಬಿಟ್ಟರು. ಬೀದಿಯ ತುದಿಯವರೆಗೂ ಕೇಳಿತು!

"ಲೋ, ನಾಳೆ ನನ್ನ ಮೂಗಿಗೂ ಒಂದು ಹಾಕ್ತೀಯಾ?"

"ನೆಗಡಿ ಆದಾಗ ಹೇಳಣ್ಣ, ನೋಡೋಣ" ಎಂದ ತಮ್ಮ, ಕಡ್ಡಿಯಿಂದ ಕಣ್ಣೆತ್ತದೆ.

ಕಾರ್ಖಾನೆಯ ಬಸ್ಸಿನಲ್ಲಿ ಮೊದಮೊದಲು ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಟಿನ್ ಫ್ಯಾಕ್ಟರಿ ಸ್ಟಾಪು ದಾಟುವವರೆಗೂ ನಗು. ಆದರೆ ಅವನ ಊಟದ ಕ್ಯಾರಿಯರ್ ಮಾತ್ರ ಜಾಲರಿ ಚೀಲದಲ್ಲಿ ಕಿಟಕಿಗೆ ಜೋತು, ಒಂದು ಹನಿ ಸಾರು ಚೆಲ್ಲದೆ ಬರುತ್ತಿದ್ದುದನ್ನು ಕಂಡು, ನಕ್ಕವರೇ ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ಕೂತರು. "ಗುರು, ನಂಗೂ ಒಂದು ಹಾಕ್ಕೊಡು. ಮನೇಲಿ ನೀನು ಹಾಕಿದ್ದು ಅಂತ ಹೇಳಲ್ಲ, ಅಂಗಡೀಲಿ ತಂದೆ ಅಂತೀನಿ."

ಶಿವಾಜಿನಗರದ ದಾರದಂಗಡಿಯ ಸಾಬರಿಗಂತೂ ಇವನನ್ನು ಕಂಡರೆ ಬಲು ಪ್ರೀತಿ. ಒಮ್ಮೆ ನಾನೂ ಜೊತೆಗಿದ್ದೆ.

"ಆಯಿಯೇ ಸಾಬ್! ಹೋದ್ಸಾರಿ ಕಲರು ಬೇಗಂ ಸಾಹೇಬಾಗೆ ಪಸಂದ್ ಬಂತಾ?"

"ನನಗಿನ್ನೂ ಮದ್ವೆ ಆಗಿಲ್ಲ ಸಾಬ್ರೇ."

"ಅರೆ! ಮತ್ತೆ ಇಷ್ಟು ದಾರ ಯಾರ್ ಹಾಕ್ತಾರೆ?"

"ನಾನೇ."

ಸಾಬರು ಅವನ ಮೀಸೆ ನೋಡಿದರು, ದಾರ ನೋಡಿದರು, ಕೊನೆಗೆ ನನ್ನನ್ನು ನೋಡಿ ಮೆಲ್ಲಗೆ, "ಬೆಹೆನ್, ಜಲ್ದಿ ಹುಡುಗಿ ನೋಡಿ" ಎಂದರು.

ನೋಡದೆ ಇದ್ದೆವೇ? ತೊಂದರೆ ಇದ್ದದ್ದೇ ಅಲ್ಲಿ. ಒಂದು ಕಡೆ ಹೆಣ್ಣು ನೋಡಲು ಹೋದವನು ಮಾತಿಗೆ ಕಾಯುತ್ತಾ ಬೇಸರವಾಗಿ ಜೇಬಿನಿಂದ ಕಡ್ಡಿ ತೆಗೆದೇಬಿಟ್ಟ. "ಹುಡುಗನ ಲಕ್ಷಣ ಯಾಕೋ ಸರಿಯಿಲ್ಲ" ಎಂದು ಮರುದಿನ ಸುದ್ದಿ ಬಂತು. ಮತ್ತೊಂದು ಕಡೆಯವರು ವಿಚಾರಿಸಲು ಬಂದು, ಬಾಗಿಲ ಚಿಲಕಕ್ಕೆ ತೊಡಿಸಿದ್ದ ಗುಲಾಬಿ ಅಂಗಿ ನೋಡಿಯೇ ವಾಪಸು ಹೋದರು! ವಯಸ್ಸು ಮೂವತ್ತು ದಾಟಿತು. ಹೊರಗೆ ನಗುತ್ತಿದ್ದ, ನಿಜ. ಆದರೆ ಗೆಳೆಯರ ಮಕ್ಕಳಿಗೆ ಪುಟ್ಟ ಕಾಲುಚೀಲ ಹಾಕುವಾಗ ಅವನ ಮುಖ ನೋಡಿದ ನನಗೆ ಗೊತ್ತಿತ್ತು, ಅವನಿಗೂ ಒಂದು ಮನೆ ಬೇಕಾಗಿತ್ತು.

ದೊಮ್ಮಲೂರಿನ ಹೆಣ್ಣು ನೋಡಲು ಹೊರಟಾಗ ಅತ್ತೆ ಅವನ ಜೇಬುಗಳನ್ನೆಲ್ಲ ತಡವಿ ಕಡ್ಡಿ ಕಿತ್ತಿಟ್ಟರು. "ದಾರದ ಮಾತೆತ್ತಿದರೆ ನನ್ನಾಣೆ!"

ಆಗ ಹೆಣ್ಣಿನ ಕೈಕೆಲಸವನ್ನು ಮೇಜಿನ ಮೇಲೆ ಹರಡಿಡುವ ಪದ್ಧತಿಯಿತ್ತು. ಉಪ್ಪಿಟ್ಟು, ಕೇಸರಿಭಾತು ಮುಗಿಯಿತು. ಮಣಿಯ ಗಿಳಿ, 'ವೆಲ್‌ಕಮ್' ಎಂದು ಕಸೂತಿ ಹಾಕಿದ ದಿಂಬು ಬಂದವು. ಕೊನೆಯಲ್ಲಿ, ಟ್ರಾನ್ಸಿಸ್ಟರಿಗೆ ಹೊದಿಸುವ ನೀಲಿ ಕ್ರೋಶಾ ಜಾಲರಿ.

"ಎಲ್ಲಾ ನಮ್ಮ ಹುಡುಗೀದೇ. ಇದೊಂದಕ್ಕೇ ಎರಡು ತಿಂಗಳು ಹಿಡೀತು ನೋಡಿ" ಎಂದರು ಹುಡುಗಿಯ ತಾಯಿ.

"ಎರಡು ತಿಂಗಳಾ? ಅಷ್ಟೊಂದು ಬೇಕಾಗಲ್ವಲ್ಲ!" ಎಂದು ನಮ್ಮವನು ಬಗ್ಗಿ ನೋಡಿದ. ನಾನೂ ನೋಡಿದೆ. ಮೂಲೆಯಲ್ಲಿ ಕೆಂಪು ದಾರದ ಕುಣಿಕೆ! ಹಿಂದಿನ ತಿಂಗಳು ಬಸ್ಸಿನ ಗೆಳೆಯನೊಬ್ಬನಿಗೆಂದು ನಮ್ಮ ಮನೆಯ ಜಗಲಿಯಲ್ಲಿ ಕೂತು ಹಾಕಿದ್ದು ಅದು. ಆ ಗೆಳೆಯನ ಮನೆ ಇರುವುದೂ ದೊಮ್ಮಲೂರಿನಲ್ಲೇ! ಮೈದುನನ ತೊಡೆ ಜಿಗುಟಿದೆ.

ಅಷ್ಟರಲ್ಲಿ ಹುಡುಗಿಯೇ ತಲೆಯೆತ್ತಿದಳು. "ಅದು ನಾನು ಹಾಕಿದ್ದಲ್ಲ. ಇವು ಯಾವುದೂ ನನ್ನದಲ್ಲ. ಪಕ್ಕದ ಮನೆಗಳಿಂದ ತಂದದ್ದು." ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಬಲಗೈಯನ್ನು ಹೊರಗೆ ತೆಗೆದಳು. ತೋರುಬೆರಳು, ನಡುಬೆರಳು ಸುಟ್ಟು ಸೆಟೆದುಕೊಂಡಿದ್ದವು. "ಚಿಕ್ಕಂದಿನಲ್ಲಿ ಒಲೆ ಮೇಲೆ ಬಿದ್ದೆ. ಇವೆರಡು ಮಡಚೋಕೆ ಬರಲ್ಲ. ಅಡಿಗೆ ಮಾಡ್ತೀನಿ, ಬರೀತೀನಿ. ಸೂಜಿ, ಕಡ್ಡಿ ಮಾತ್ರ ಹಿಡಿಯೋಕಾಗಲ್ಲ."

ಅವಳ ತಂದೆ ತಲೆ ತಗ್ಗಿಸಿದರು. ನಮ್ಮತ್ತೆಯ ಮುಖ ಗಂಟಿಕ್ಕಿತು.

"ಅದನ್ನ ಹಾಕಿದ್ದು ನಾನು" ಎಂದ ನನ್ನ ಮೈದುನ.

"ನೀವಾ?" ಎಂದಳು.

"ಹೂಂ. ಒಂದು ಭಾನುವಾರ. ಮಧ್ಯಾಹ್ನ ನಿದ್ದೆ ಬೇರೆ ಮಾಡಿದ್ದೆ."

ಹುಡುಗಿ ಅವನ ಮೀಸೆ ನೋಡಿ, ಜಾಲರಿ ನೋಡಿ, ಫಕ್ಕನೆ ನಕ್ಕಳು. ಅವನೂ ನಕ್ಕ. ಅಷ್ಟು ಹೆಣ್ಣು ನೋಡುವ ಶಾಸ್ತ್ರಗಳಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮನೆಗೆ ಬಂದಮೇಲೆ ಅತ್ತೆ, "ಹುಡುಗಿ ಚೆನ್ನಾಗಿದಾಳೆ. ಆದರೆ ಕೈ..." ಎಂದು ನಿಲ್ಲಿಸಿದರು. ಮೈದುನ ಕಡ್ಡಿ ಎಲ್ಲಿಟ್ಟಿದ್ದೀರಿ ಎಂದು ಕೇಳಿ ಪಡೆದು, ಜಗಲಿಯಲ್ಲಿ ಕೂತ. ಊಟಕ್ಕೆ ಕರೆದಾಗ ಒಂದು ಹೊಸ ಕಡ್ಡಿಯನ್ನು ತಂದು ನನ್ನ ಮುಂದಿಟ್ಟ. ಅದರ ಹಿಡಿಯ ಸುತ್ತ ದಪ್ಪನೆಯ ಗವಸು ಹೆಣೆದಿದ್ದ, ಬೆರಳು ಮಡಚದೆ ಅಂಗೈಯಲ್ಲೇ ಹಿಡಿಯುವಷ್ಟು ದಪ್ಪ.

"ಅತ್ತಿಗೆ, ನಾಳೆ ಇದನ್ನ ದೊಮ್ಮಲೂರಿಗೆ ಕೊಟ್ಟು ಬರ್ತೀರಾ?"

ನಾನು ಕೈ ಚಾಚುವ ಮೊದಲೇ ಅತ್ತೆ ಅದನ್ನು ಎತ್ತಿಕೊಂಡರು. ದೀಪದ ಕೆಳಗೆ ಹೋಗಿ ನಿಂತರು. ತಮ್ಮ ತೋರುಬೆರಳು, ನಡುಬೆರಳು ಎರಡನ್ನೂ ನೆಟ್ಟಗೆ ಚಾಚಿ, ಮಡಚದೆ, ಉಳಿದ ಬೆರಳುಗಳಿಂದ ಕಡ್ಡಿಯನ್ನು ಹಿಡಿದು ನೋಡಿದರು. ಹಾಗೊಮ್ಮೆ, ಹೀಗೊಮ್ಮೆ ತಿರುಗಿಸಿದರು. ಆಮೇಲೆ ಮಗನ ಕೈಗೆ ವಾಪಸು ಕೊಟ್ಟರು.

"ಜಾರುತ್ತೆ ಕಣೋ. ಇನ್ನೊಂದು ಸುತ್ತು ಹಾಕು. ಮಗೂಗೆ ಕೈ ನೋಯಬಾರದು."