ಎರಡು ಬಗೆಯ ‘ನಾವು’

ಮರೆವಿನ ಪರೀಕ್ಷೆಗೆ ಬಂದವರು ನಮ್ಮ ಪ್ರಶ್ನೆಪತ್ರಿಕೆಯನ್ನೇ ತಬ್ಬಿಬ್ಬು ಮಾಡಿ ಹೋಗುವ ಪ್ರಸಂಗ ವಾರಕ್ಕೆ ಒಂದಾದರೂ ಇದ್ದೇ ಇರುತ್ತದೆ. ಮಣಿಪಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ದುಭಾಷಿ. ಡಾಕ್ಟರು ಹೊರರಾಜ್ಯದವರು, ಕನ್ನಡ ಕಲಿತಿದ್ದಾರೆ, ತುಳು ಬರುವುದಿಲ್ಲ. ಅವರ ಪ್ರಶ್ನೆಯನ್ನು ವಯಸ್ಸಾದವರಿಗೆ ತುಳುವಿನಲ್ಲಿ ಕೇಳುವುದು, ಉತ್ತರವನ್ನು ಡಾಕ್ಟರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಪ್ರಶ್ನೆಪತ್ರಿಕೆ ಎಲ್ಲೋ ದೂರದಲ್ಲಿ ತಯಾರಾದದ್ದು. ಅದನ್ನು ಬರೆದವರ ಪ್ರಕಾರ ಒಬ್ಬ ಮನುಷ್ಯನಿಗೆ ಒಂದು ಹೆಸರು, ಒಂದು ಮನೆ, ಒಂದು ತಲೆ. ನಮ್ಮ ಕಡೆ ಹಾಗಲ್ಲ.

ನಾಲ್ಕು ವರ್ಷದಿಂದ ಇಂಥದ್ದನ್ನೆಲ್ಲ ಮನೆಗೆ ಬಂದು ಅಮ್ಮನಿಗೆ ಹೇಳಿ ನಗಿಸುತ್ತಿದ್ದೆ. ಕಳೆದ ಮಳೆಗಾಲದಲ್ಲಿ, ತುಳುವರ ಆಟಿ ತಿಂಗಳಲ್ಲಿ, ಅಮ್ಮನನ್ನೇ ಆ ಕುರ್ಚಿಯಲ್ಲಿ ಕೂರಿಸಬೇಕಾಯಿತು. ಒಂದು ಕಾಲದಲ್ಲಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಈಗ ಉಳಿದ ತಿರುಗಾಟ ಒಂದೇ: ಪ್ರತಿ ಮಂಗಳವಾರ ಕಟಪಾಡಿಯಲ್ಲಿ ಬಸ್ಸು ಹತ್ತಿ ಬೆಳ್ಮಣ್ಣಿನ ತಂಗಿಯ ಮನೆಗೆ ಹೋಗುವುದು. ಎರಡು ಸಲ ಅಲ್ಲಿ ಇಳಿಯಲು ಮರೆತು ಕಾರ್ಕಳದವರೆಗೆ ಹೋಗಿಬಿಟ್ಟಿದ್ದಳು. ಇನ್ನು ಒಬ್ಬಳನ್ನೇ ಕಳಿಸಬಹುದೋ ಇಲ್ಲವೋ ಎಂದು ಡಾಕ್ಟರು ಹೇಳಬೇಕಿತ್ತು. ಅಮ್ಮನ ಸರದಿಗೆ ಮೊದಲು ಬೇರೆಯವರದ್ದನ್ನು ಹೇಳುತ್ತೇನೆ. ನನಗಿದ್ದ ಧೈರ್ಯವೆಲ್ಲ ಅವರಿಂದ ಬಂದದ್ದು.

ಬಾಯಿಗೆ ಬಾರದ ಹೆಸರು

ಕಾಪುವಿನ ಕಡೆಯ ಒಬ್ಬ ಅಜ್ಜಿ. ಎಲ್ಲದಕ್ಕೂ ಪಟಪಟನೆ ಉತ್ತರ ಕೊಟ್ಟವರು ‘ಗಂಡನ ಹೆಸರೇನು’ ಎಂದದ್ದೇ ಬಾಯಿಗೆ ಸೆರಗು ಒತ್ತಿ ಕುಳಿತರು. ಆಗ ಡಾಕ್ಟರು ಈ ಊರಿಗೆ ಹೊಸಬರು. ಸೊನ್ನೆ ಹಾಕಲು ಪೆನ್ನು ಎತ್ತಿದರು.

“ಗೊತ್ತಿಲ್ಲದೆ ಅಲ್ಲ ಡಾಕ್ಟರೇ, ಹೇಳುವ ಕ್ರಮ ಇಲ್ಲ” ಎಂದೆ.

“ಸರಿ, ಸುಳಿವಾದರೂ ಕೊಡಲಿ” ಎಂದರು ಅವರು.

ಅಜ್ಜಿ ಯೋಚಿಸಿ, ತನಗೆ ಗೊತ್ತಿದ್ದ ಕನ್ನಡದಲ್ಲೇ ನೇರವಾಗಿ ಡಾಕ್ಟರನ್ನು ಕೇಳಿದರು: “ಉಡುಪಿಗೆ ಊರೂರಿನಿಂದ ಜನ ಯಾರನ್ನು ನೋಡಲಿಕ್ಕೆ ಬರುತ್ತಾರೆ?”

“ಡಾಕ್ಟರನ್ನು” ಎಂದರು ಇವರು, ಸ್ವಲ್ಪ ನಾಚಿಕೊಂಡು.

ಅಜ್ಜಿ ನನ್ನ ಕಡೆ ತಿರುಗಿದರು. “ಅದು ಮಣಿಪಾಲಕ್ಕೆ ಬರುವುದು ಅಂತ ಹೇಳು ಇವರಿಗೆ. ಪಾಪ, ಇವರಿಗೆ ಮರೆವು ಶುರುವಾಗಿದೆ.”

ನಲವತ್ತು ವರ್ಷದ ನೆಂಟ

ಇನ್ನಂಜೆಯಿಂದ ಗಂಡ ಹೆಂಡತಿ ಬಂದಿದ್ದರು. ಪರೀಕ್ಷೆ ಗಂಡನಿಗೆ. ‘ನಿಮ್ಮ ಮನೆ ಎಲ್ಲಿ?’

“ಕಾರ್ಕಳದ ಹತ್ತಿರ.”

ಫೈಲಿನಲ್ಲಿ ಇನ್ನಂಜೆ ಎಂದಿತ್ತು. ಡಾಕ್ಟರು ನನ್ನ ಮುಖ ನೋಡಿದರು. “ಈಗ ಇರುವುದೆಲ್ಲಿ, ಅಣ್ಣ?” ಎಂದು ನಾನು ಇನ್ನೊಮ್ಮೆ ಕೇಳಿದೆ.

“ಇರುವುದು ಇನ್ನಂಜೆಯಲ್ಲಿ. ಅದು ಹೆಂಡತಿಯ ಮನೆ. ನನ್ನ ಮನೆ ಅಂದರೆ ನನ್ನ ಅಮ್ಮನ ಮನೆ ಅಲ್ವಾ? ನಾವು ಅಮ್ಮನ ಕಡೆಯಿಂದ ಬಂದವರು.”

“ಇನ್ನಂಜೆಯಲ್ಲಿ ಎಷ್ಟು ಸಮಯದಿಂದ ಇದ್ದೀರಿ?”

“ನಲವತ್ತು ವರ್ಷ ಆಯಿತು.”

ಅಮ್ಮನಿಂದ ಬರುವ ‘ಬಳಿ’ ಎಂಬ ಗೋತ್ರ, ಕುಟುಂಬದ ಮನೆ, ಸೋದರಮಾವನ ಯಜಮಾನಿಕೆ ಎಲ್ಲವನ್ನೂ ಡಾಕ್ಟರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಅವರು ಪೂರ್ತಿ ಅಂಕ ಕೊಟ್ಟರು. ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ ಆಗ ಬಾಯಿ ತೆರೆದರು. “ನೆಂಟ ಅಂತ ನಲವತ್ತು ವರ್ಷದಿಂದ ಒಂದು ಲೋಟ ತೊಳೆದಿಲ್ಲ ಡಾಕ್ಟರೇ. ಅದಕ್ಕೆ ಅಂಕ ಕಡಿಮೆ ಮಾಡಲಿಕ್ಕೆ ಆಗ್ತದಾ?”

ಪೇಶೆಂಟ್ ಯಾರು?

ಕಾರ್ಕಳದಿಂದ ಒಂದೇ ಮನೆಯ ಐದು ಜನ ಒಟ್ಟಿಗೆ ಒಳಗೆ ಬಂದು ಕುಳಿತರು. ರಾತ್ರಿ ನಿದ್ದೆ ಹೇಗೆ ಎಂದರೆ “ನಮಗೆ ನಿದ್ದೆಯೇ ಇಲ್ಲ” ಎಂದರು ಹಿರಿಯ ಹೆಂಗಸು. ಬೇಸರ ಆಗುವುದುಂಟಾ ಎಂದರೆ “ನಮಗೆಂತ ಬೇಸರ” ಎಂದ ಮಗ. ಮರೆವಿನ ಬಗ್ಗೆ ಕೇಳಿದಾಗ ಹಿರಿಯ ಹೆಂಗಸೇ ಡಾಕ್ಟರ ಕಡೆ ಕೈ ತೋರಿಸಿ, “ನಮಗೆಲ್ಲ ಪ್ರಾಯ ಆಯಿತಲ್ವಾ” ಎಂದರು.

ತುಳುವಿನಲ್ಲಿ ‘ನಾವು’ ಎನ್ನಲು ಎರಡು ಮಾತುಗಳುಂಟು. ‘ಎಂಕುಲು’ ಎಂದರೆ ನಾವು ಮಾತ್ರ, ಕೇಳುವವರು ಹೊರಗೆ. ‘ನಮ’ ಎಂದರೆ ಕೇಳುವವರನ್ನೂ ಕೂಡಿಸಿಕೊಂಡ ನಾವು. ಆ ಹಿರಿಯ ಹೆಂಗಸು ಹೇಳಿದ್ದು ಎರಡನೆಯದು. ನಾನು ‘ನಿಮ್ಮನ್ನೂ ಸೇರಿಸಿ’ ಎಂದೇ ಅನುವಾದಿಸಿದೆ.

“ನನ್ನನ್ನೂ ಸೇರಿಸಿಯಾ?” ಎಂದು ಕೇಳಿದ ಡಾಕ್ಟರಿಗೆ ಆಗ ಮೂವತ್ತನಾಲ್ಕು ವರ್ಷ. ಕೈ ತನ್ನಿಂದ ತಾನೇ ನೆತ್ತಿಗೆ ಹೋಯಿತು; ಅಲ್ಲಿ ಕೂದಲು ಖಾಲಿಯಾಗಲು ಶುರುವಾಗಿತ್ತು. ಕೊನೆಗೆ ಪೆನ್ನು ಕೆಳಗಿಟ್ಟು, “ನಿಮ್ಮಲ್ಲಿ ಪೇಶೆಂಟ್ ಯಾರು?” ಎಂದು ಕೇಳಿದರು.

ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅವರು ಕೆಳಗೆ ಇದ್ದಾರೆ” ಎಂದ ಮಗ. “ಕಾರು ಪಾರ್ಕ್ ಮಾಡಿ ಬರುತ್ತಾರೆ.”

ಅಮ್ಮನ ಸರದಿ

ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕುಳಿತು ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಗಳಾದ ನಾನೇ ದುಭಾಷಿ; ಒಂದಕ್ಷರ ಸುಳಿವು ಕೊಡುವಂತಿಲ್ಲ.

‘ನಿಮ್ಮ ಹೆಸರು?’

“ಯಾವುದು ಹೇಳಬೇಕು? ಆಧಾರ್ ಕಾರ್ಡಿನಲ್ಲಿ ಇರುವುದಾ, ಮನೆಯಲ್ಲಿ ಕರೆಯುವುದಾ?”

ಡಾಕ್ಟರು ನಕ್ಕು ಸರಿ ಗುರುತು ಹಾಕಿದರು. ಯಾವ ತಿಂಗಳು ಎಂದರೆ ಆಟಿ ಎಂದಳು. ಅದಕ್ಕೂ ಸರಿ. ಗಂಡನ ಹೆಸರಿನ ಪ್ರಶ್ನೆಯನ್ನು ಅವರೇ ಬಿಟ್ಟು ಮುಂದೆ ಹೋದರು. ಮಕ್ಕಳೆಷ್ಟು ಎಂದಾಗ ಅಮ್ಮ ಎಂಟು ಎಂದಳು. ಫೈಲಿನಲ್ಲಿ ಮೂರು ಎಂದು ಬರೆದಿತ್ತು. “ತಂಗಿಯ ಮಕ್ಕಳೂ ಸೇರಿ ಅಲ್ವಾ?” ಎಂದು ಡಾಕ್ಟರು ನನ್ನನ್ನು ಕೇಳುವ ಮೊದಲೇ ಸರಿ ಗುರುತು ಹಾಕಿಯಾಗಿತ್ತು. ಇಷ್ಟು ವರ್ಷ ನಾನು ವಿವರಿಸಿದ್ದು ಸಾರ್ಥಕವಾಯಿತು ಎನ್ನಿಸಿತು. ಅಮ್ಮ ಪಾಸಾಗುತ್ತಾಳೆ ಎಂದುಕೊಂಡೆ.

ಉಳಿದದ್ದು ಒಂದೇ. ಶುರುವಿನಲ್ಲಿ ಅವಳಿಗೆ ಮೂರು ವಸ್ತುಗಳ ಹೆಸರು ಹೇಳಿ ನೆನಪಿಟ್ಟುಕೊಳ್ಳಲು ತಿಳಿಸಿದ್ದೆವು: ಕೊಡೆ, ದೀಪ, ಬಾಳೆಹಣ್ಣು. ಅವಳೂ ಎರಡು ಸಲ ಹೇಳಿದ್ದಳು. ಈಗ ಕೇಳಿದೆ, ಆ ಮೂರು ಯಾವುದು ಅಮ್ಮ?

“ಯಾವ ಮೂರು?”

“ಆಗ ಹೇಳಿದ್ದೆವಲ್ಲ.”

“ಇಲ್ಲ ಮಗಾ. ಹೇಳಲೇ ಇಲ್ಲ.” ಡಾಕ್ಟರ ಕಡೆ ನೋಡಿ ಮರ್ಯಾದೆಯಿಂದ ನಕ್ಕಳು. “ಅವರಿಗೆ ಮರೆತುಹೋಗಿರಬೇಕು. ಎಷ್ಟು ಜನ ಬರುತ್ತಾರೆ, ಪಾಪ.”

ಡಾಕ್ಟರು ಬರೆಯಲಿಲ್ಲ, ನನ್ನನ್ನು ನೋಡುತ್ತ ಕಾದರು. ಪ್ರತಿ ಸಲದ ಹಾಗೆ ನಾನು ಏನಾದರೂ ಕ್ರಮ, ಕಟ್ಟಳೆ, ನಮ್ಮ ಊರಿನ ಲೆಕ್ಕಾಚಾರ ಹೇಳುತ್ತೇನೆಂದು. ನಾನೂ ಹುಡುಕಿದೆ. ಕೊಡೆ, ದೀಪ, ಬಾಳೆಹಣ್ಣು ಇಲ್ಲದ ಮನೆ ನಮ್ಮ ಊರಿನಲ್ಲಿ ಎಲ್ಲಿದೆ? ಅಳು ಬಂತು. ಇದಕ್ಕೆ ಯಾವ ಕ್ರಮವೂ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಸೊನ್ನೆ ಹಾಕಿದರು.

ಎಲ್ಲ ಕೂಡಿಸಿ ನೋಡಿದ ಮೇಲೆ ಮೆಲ್ಲಗೆ ಹೇಳಿದರು: “ಇನ್ನು ಇವರು ಒಬ್ಬರೇ ಬಸ್ಸಿನಲ್ಲಿ ಹೋಗುವುದು ಬೇಡ. ಇವರಿಗೆ ತಿಳಿಸಿ.”

ಎಷ್ಟೋ ಮನೆಯವರಿಗೆ ನಾನು ಇದೇ ವಾಕ್ಯವನ್ನು ತುಳುವಿನಲ್ಲಿ ಹೇಳಿದ್ದೇನೆ, ಒಂದು ಸಲವೂ ತಡವರಿಸಿಲ್ಲ. ಅಂದು ‘ನೀನು ಒಬ್ಬಳೇ’ ಎಂಬ ಮಾತು ನಾಲಿಗೆಯಿಂದ ಹೊರಡಲೇ ಇಲ್ಲ. ಬಾಯಿಗೆ ಬಂದದ್ದು ‘ನಮ’.

“ಅಮ್ಮ, ಇನ್ನು ಮಂಗಳವಾರ ಬೆಳ್ಮಣ್ಣಿಗೆ ನಾವು ಒಟ್ಟಿಗೆ ಹೋಗುವ.”

ಅಮ್ಮ ಹತ್ತಿರ ಬಗ್ಗಿ, ಡಾಕ್ಟರಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು: “ಯಾಕೆ ಮಗಾ, ನಿನಗೆ ದಾರಿ ಮರೆತುಹೋಗುತ್ತದಾ?”

“ಹೌದಮ್ಮ” ಎಂದೆ.

“ಮೊದಲೇ ಹೇಳಬಾರದಿತ್ತಾ?” ನನ್ನ ಕೈ ಹಿಡಿದುಕೊಂಡಳು.

“ಏನು ಹೇಳಿದರು?” ಎಂದರು ಡಾಕ್ಟರು.

“ಒಪ್ಪಿದರು.”

ನನ್ನ ಅನುವಾದ ಅಮ್ಮನಿಗೆ ಸಾಲಲಿಲ್ಲವೆಂದು ಕಾಣುತ್ತದೆ. ಎದ್ದು ನಿಂತು, ಮೀನು ಮಾರುವಾಗ ಕಲಿತ ಕನ್ನಡದಲ್ಲಿ ತಾನೇ ಹೇಳಿದಳು: “ನೀವು ಹೆದರಬೇಡಿ ಡಾಕ್ಟರೇ. ಇವಳನ್ನು ಇನ್ನು ಒಬ್ಬಳನ್ನೇ ಎಲ್ಲಿಗೂ ಕಳಿಸುವುದಿಲ್ಲ. ನಾನು ಇದ್ದೇನೆ.”