ಹೆಬ್ಬೆಟ್ಟಿನ ಕ್ರೀಮು, ನನ್ನ ಹಿಮ್ಮಡಿ

ಗಂಡಸಿನ ಹಿಮ್ಮಡಿಯನ್ನು ಈ ಲೋಕದಲ್ಲಿ ಯಾರೂ ನೋಡುವುದಿಲ್ಲ. ಮುಖ ನೋಡುತ್ತಾರೆ, ಅಂಗಿಯ ಕಾಲರು ನೋಡುತ್ತಾರೆ, ಲೋಕಲ್ ರೈಲಿನಲ್ಲಾದರೆ ಇವನು ಯಾವ ಸ್ಟೇಷನ್ನಿನಲ್ಲಿ ಎದ್ದು ಸೀಟು ಬಿಡುತ್ತಾನೆ ಎಂದು ಆಸೆಯಿಂದ ನೋಡುತ್ತಾರೆ. ಹಿಮ್ಮಡಿ ಮಾತ್ರ ಚಪ್ಪಲಿಗೂ ಚಾದರಕ್ಕೂ ಬಿಟ್ಟ ವಿಷಯ. ಆ ಧೈರ್ಯದ ಮೇಲೆಯೇ ನಾನು ಕಳೆದ ಚಳಿಗಾಲದಲ್ಲಿ ಒಂದು ಕಳ್ಳತನ ಮಾಡಿದೆ. ಕದ್ದದ್ದು ನನ್ನ ಒಡಹುಟ್ಟಿದ ತಂಗಿಯ ಕ್ರೀಮು. ಹಚ್ಚಿಕೊಂಡದ್ದು ನನ್ನ ಎರಡು ಹಿಮ್ಮಡಿಗಳಿಗೆ. ನೀವು ನಗಬಹುದು. ನಮ್ಮ ಮನೆಯಲ್ಲಿ ಆ ವಾರ ಯಾರೂ ನಗಲಿಲ್ಲ.

ಮೊದಲು ಚಳಿಗಾಲದ ವಿಷಯ ಹೇಳಿಬಿಡುತ್ತೇನೆ. ಡೊಂಬಿವಲಿಯಲ್ಲಿ ಚಳಿ ಎಂದರೆ ಫ್ಯಾನನ್ನು ನಾಲ್ಕರಿಂದ ಎರಡಕ್ಕೆ ಇಳಿಸುವುದು. ಅಷ್ಟಕ್ಕೇ ನಮ್ಮ ಬಿಲ್ಡಿಂಗಿನ ಗಂಡಸರು ಮಂಗನ ಟೋಪಿ ಹಾಕಿಕೊಂಡು ಹಾಲು ತರಲು ಹೋಗುತ್ತಾರೆ. ಬೆಳಿಗ್ಗೆ ಒಂದಿಷ್ಟು ತಣ್ಣಗೆ, ಮಧ್ಯಾಹ್ನ ಮತ್ತೆ ಬೆವರು. ಇಂಥ ಅರೆಬೆಂದ ಚಳಿ ಬಂದದ್ದು ಕರಾವಳಿಯವರಾದ ನಮಗೆ ಗೊತ್ತಾಗುವುದು ತೆಂಗಿನೆಣ್ಣೆಯ ಬಾಟಲಿಯಿಂದ. ಒಂದು ಬೆಳಿಗ್ಗೆ ಬಾಟಲಿಯನ್ನು ತಲೆಕೆಳಗು ಮಾಡಿದರೂ ಎಣ್ಣೆ ಬೀಳುವುದಿಲ್ಲ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ಆ ಬಿಳಿ ಬಣ್ಣವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಅಪರಾಧವೆಲ್ಲ ಅದರ ಮೇಲೆಯೇ ನಿಂತಿದೆ.

ನಾನು ಥಾಣೆಯ ಮಾಜಿವಾಡಾದಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಬೆಳಗಿನ ಪಾಳಿ, ಮೊದಲ ಲೋಕಲ್ಲಿಗೆ ಹೋದರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಮನೆಯಲ್ಲಿರುತ್ತೇನೆ. ಓದಿದ್ದು ಏಳನೆಯವರೆಗೆ. ತಂಗಿ ಸುಮತಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಬಿ.ಕಾಂ. ಮಾಡಿದ್ದಾಳೆ, ನವಿ ಮುಂಬಯಿಯ ರಬಾಳೆಯಲ್ಲಿ ಒಂದು ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ನಮ್ಮ ಅಮ್ಮ ಇದ್ದಾಗ ನಮ್ಮನ್ನು ಶಾಲೆಗೆ ಅಟ್ಟುತ್ತಿದ್ದದ್ದು ಒಂದೇ ಮಾತಿನಿಂದ: "ನನ್ನ ಹಾಗೆ ಹೆಬ್ಬೆಟ್ಟು ಆಗಬೇಡಿ ಮಕ್ಕಳೇ, ಹೋಗಿ." ಈಗ ಅಮ್ಮ ಬಂದು ಆ ಕಂಪನಿಯ ಗೇಟಿನಲ್ಲಿ ನಿಂತರೆ ಏನು ಹೇಳುತ್ತಿದ್ದಳೋ! ಬಿ.ಕಾಂ. ಓದಿದ ಮಗಳು ಬೆಳಿಗ್ಗೆ ಒಳಗೆ ಹೋಗಲು ಹೆಬ್ಬೆಟ್ಟು ಒತ್ತುತ್ತಾಳೆ, ಸಂಜೆ ಹೊರಗೆ ಬರಲು ಹೆಬ್ಬೆಟ್ಟು ಒತ್ತುತ್ತಾಳೆ. ಅವಳ ಹಿಂದೆ ಇಂಜಿನಿಯರುಗಳು ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತುತ್ತಾರೆ. ಸಹಿ ಹಾಕುವವರು ಯಾರೂ ಇಲ್ಲ.

ಒತ್ತಿದರೆ ಮೆಷಿನ್ನಿನೊಳಗಿನ ಹೆಂಗಸು "ಥ್ಯಾಂಕ್ ಯೂ" ಎನ್ನಬೇಕು. ಆಗ ಹಾಜರಿ. ಚಳಿಗಾಲ ಶುರುವಾದದ್ದೇ ಆ ಹೆಂಗಸು ಸುಮತಿಗೆ ಮಾತ್ರ "ಪ್ಲೀಸ್ ಟ್ರೈ ಅಗೇನ್" ಎನ್ನತೊಡಗಿದಳು. ದಿನವಿಡೀ ರಟ್ಟಿನ ಪೆಟ್ಟಿಗೆ ಮಡಚುವ ಕೈ. ರಟ್ಟು ಬೆರಳಿನ ಪಸೆಯನ್ನೆಲ್ಲ ಕುಡಿಯುತ್ತದೆ, ಸಾಲದ್ದಕ್ಕೆ ಒಳಗೆ ಏಸಿ. ಹೆಬ್ಬೆರಳು ಬಿರಿದು, ಗೆರೆಯ ಮೇಲೆ ಗೆರೆ ಎದ್ದು, ಬೇರೆ ಯಾರದೋ ಬೆರಳಿನಂತಾಗಿತ್ತು. ಹತ್ತು ಸಲ ಒತ್ತುವುದರೊಳಗೆ ಲೇಟ್ ಮಾರ್ಕ್. ಅವಳದು ಕಾಂಟ್ರಾಕ್ಟ್ ಕೆಲಸ. ಪರ್ಮನೆಂಟ್ ಮಾಡುವವರ ಪಟ್ಟಿ ಮಾರ್ಚಿನಲ್ಲಿ ಹೋಗುತ್ತದೆ, ಲೇಟ್ ಮಾರ್ಕಿನವರ ಹೆಸರು ಅದರಲ್ಲಿ ಇರುವುದಿಲ್ಲ. ನಾಲ್ಕು ವರ್ಷದಿಂದ ಅವಳು ಕಾಯುತ್ತಿದ್ದದ್ದು ಆ ಪಟ್ಟಿಗೇ.

ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವನು ನಾನೇ. ಆಕೆ ಮರಾಠಿಯಲ್ಲಿ, "ಸ್ಕಿನ್ ಖೂಪ್ ಕೋರಡೀ ಆಹೇ" ಎಂದರು. ಚರ್ಮ ಬಹಳ ಒಣಗಿದೆ ಎಂದರ್ಥವಂತೆ. ನನ್ನ ಕಿವಿಗೆ ಕೇಳಿಸಿದ್ದು ಕೊರಡು. "ನನ್ನ ತಂಗಿಯನ್ನು ಕೊರಡು ಎನ್ನಲು ಇವರ್ಯಾರು?" ಎಂದು ಏಳಹೊರಟವನನ್ನು ಸುಮತಿ ಅಂಗಿ ಹಿಡಿದು ಕೂರಿಸಿದಳು. ಆಮೇಲೆ ಬಂತು ನೋಡಿ ಡಾಕ್ಟರಮ್ಮನ ಚಳಿಗಾಲದ ಕಾನೂನು. ಸ್ನಾನಕ್ಕೆ ಬಿಸಿನೀರು ಬೇಡ, ಉಗುರುಬೆಚ್ಚಗೆ ಸಾಕು. ಮಳೆಗಾಲದ ಸೋಪು ಬೇರೆ, ಚಳಿಗಾಲದ್ದು ಬೇರೆ. ಒರೆಸಬಾರದು, ಒತ್ತಬೇಕು. ಒತ್ತಿದ ಮೂರು ನಿಮಿಷದೊಳಗೆ ಕ್ರೀಮು. ಪಾತ್ರೆ ತೊಳೆಯಲು ಗ್ಲೌಸು, ಗ್ಲೌಸಿನ ಒಳಗೆ ಇನ್ನೊಂದು ಬಟ್ಟೆಯ ಗ್ಲೌಸು. ನಮ್ಮದು ಒಂದೇ ಖೋಲಿಯ ಮನೆ. ಸಂಜೆ ಅವಳ ಸ್ನಾನದ ಹೊತ್ತಿಗೆ ಬಚ್ಚಲಿಗೂ ಕ್ರೀಮಿನ ಡಬ್ಬಿಗೂ ನಡುವೆ ನಾನು ಚಹಾ ಹಿಡಿದು ಕೂತಿರುತ್ತೇನೆ. "ಅಣ್ಣ, ದಾರಿ ಬಿಡು, ಎರಡು ನಿಮಿಷ ಆಯ್ತು!" ಎಂದು ಅವಳು ಹಾರಿ ಬರುವುದು, ನನ್ನ ಚಹಾ ಚೆಲ್ಲುವುದು, ದಿನಾ ಇದೇ. ನನ್ನ ಬಕೆಟ್ಟಿನ ಬಿಸಿನೀರಿಗೂ ತಣ್ಣೀರು ಸುರಿದು ಉಗುರುಬೆಚ್ಚಗೆ ಮಾಡಿಡುತ್ತಿದ್ದಳು. "ನನ್ನ ಬೆರಳು ಯಾವ ಮೆಷಿನ್ನಿಗೆ ಹೋಗಬೇಕು ಮಾರಾಯ್ತಿ?" ಎಂದರೆ, "ಒಂದು ಮನೆಗೆ ಒಂದೇ ರೂಲು" ಎಂಬ ಉತ್ತರ.

ಹೀಗೆ ರೇಗಿಕೊಂಡಿದ್ದವನೇ ಒಂದು ಮಧ್ಯಾಹ್ನ ಆ ಡಬ್ಬಿಯನ್ನು ತೆರೆದೆ. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ, ಅದರಲ್ಲಿ ಏನಿದೆ ನೋಡೋಣ ಎಂಬ ಕುತೂಹಲ, ಅಷ್ಟೇ. ಬೆರಳಿಗೆ ಸ್ವಲ್ಪ ಅಂಟಿತು. ಅಂಟಿದ್ದನ್ನು ಎಲ್ಲಿ ಒರೆಸುವುದು? ಹಿಮ್ಮಡಿಗೆ ಒರೆಸಿದೆ. ಬೆಳಗಿನಿಂದ ಕಾವಲಿಯ ಮುಂದೆ ಒದ್ದೆ ನೆಲದಲ್ಲಿ ನಿಲ್ಲುವವನ ಹಿಮ್ಮಡಿ ಹೇಗಿರುತ್ತದೆ ಎಂದು ವರ್ಣಿಸುವುದು ಬೇಡ. ಪ್ರತಿ ಚಳಿಗಾಲವೂ ನಾನು ಕಾಲು ಚಾಚಿದರೆ ಚಾದರದ ನೂಲು ಅದಕ್ಕೆ ಸಿಕ್ಕಿ ಚರ್ ಎನ್ನುತ್ತಿತ್ತು, ಅಷ್ಟು ಹೇಳಿದರೆ ಸಾಕು. ಮರುದಿನ ನೋಡುತ್ತೇನೆ, ಹಚ್ಚಿದ ಜಾಗ ಮೆತ್ತಗಾಗಿದೆ. ಆಮೇಲೆ ನನಗೂ ಒಂದು ಕಾನೂನು ಶುರುವಾಯಿತು. ಮೂರು ಗಂಟೆಗೆ ಬಂದು ಕಾಲು ತೊಳೆದು, ಒರೆಸದೆ ಒತ್ತಿ, ಮೂರು ನಿಮಿಷದೊಳಗೆ ಕ್ರೀಮು. ಒಂದು ದಿನವೂ ತಪ್ಪಿಸಲಿಲ್ಲ. ಮೆಡಿಕಲ್ ಅಂಗಡಿಗೆ ಹೋಗಿ ಬೇರೆ ಡಬ್ಬಿ ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ದೋಸೆಯವನು ಕ್ರೀಮು ಕೇಳಿದರೆ ಜನ ಏನೆಂದುಕೊಂಡಾರು ಎಂಬ ನಾಚಿಕೆ. ಕದಿಯಲು ಆ ನಾಚಿಕೆ ಅಡ್ಡ ಬರಲಿಲ್ಲ, ಅದು ಬೇರೆ ಮಾತು.

ಎರಡು ವಾರದಲ್ಲಿ ಡಬ್ಬಿಯ ತಳ ಕಾಣಿಸಿತು. ಪಕ್ಕದಲ್ಲೇ ಇತ್ತು ತೆಂಗಿನೆಣ್ಣೆಯ ಬಾಟಲಿ, ಬೆಳ್ಳಗೆ, ಗಟ್ಟಿಯಾಗಿ. ಅಗಲ ಬಾಯಿಯ ಬಾಟಲಿ. ಚಮಚದಲ್ಲಿ ತೋಡಿ ಡಬ್ಬಿಗೆ ತುಂಬಿ, ಉಳಿದ ಕ್ರೀಮನ್ನು ಮೇಲೆ ಚಟ್ನಿಯಂತೆ ಸವರಿದೆ. ದೇವರಾಣೆ, ವ್ಯತ್ಯಾಸವೇ ಗೊತ್ತಾಗಲಿಲ್ಲ. ವಾಸನೆ ಬರುವುದಿಲ್ಲವೇ? ನಮ್ಮ ಮನೆಯಲ್ಲಿ ತಲೆ, ಪಲ್ಯ, ದೇವರ ದೀಪ ಎಲ್ಲವೂ ತೆಂಗಿನೆಣ್ಣೆ. ಅದರ ವಾಸನೆ ನಮಗೆ ವಾಸನೆಯೇ ಅಲ್ಲ. ಒಂದೇ ತೊಂದರೆ ಎಂದರೆ ಮಧ್ಯಾಹ್ನದ ಸೆಕೆಗೆ ಡಬ್ಬಿಯಲ್ಲಿ ಎಲ್ಲ ಕರಗಿ ನೀರಾಗುತ್ತಿತ್ತು. ಅವಳು ಸಂಜೆ ಬರುವುದರೊಳಗೆ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ಹೊರಗೆ ತೆಗೆದು, ತಣ್ಣಗಿನ ಡಬ್ಬಿಯನ್ನು ಕೈಯಲ್ಲಿ ಉಜ್ಜಿ ಮಾಮೂಲಿ ಮಾಡಿಡುತ್ತಿದ್ದೆ. ಇಷ್ಟು ಶ್ರದ್ಧೆಯಿಂದ ನಾನು ಎಂಟನೇ ಕ್ಲಾಸಿಗೆ ಓದಿದ್ದರೆ ಇವತ್ತು ಎಲ್ಲೋ ಇರುತ್ತಿದ್ದೆ.

ಅತ್ತ ಅವಳ ಬೆರಳು ಮತ್ತೆ ಬಿರಿಯಿತು. ಡಾಕ್ಟರಮ್ಮ ತಲೆ ಕೆರೆದುಕೊಂಡು, ಡಬ್ಬಿ ಜೊತೆಯಲ್ಲೇ ತೆಗೆದುಕೊಂಡು ಹೋಗು, ಮೆಷಿನ್ನು ಮುಟ್ಟುವ ಮೊದಲು ಇನ್ನೊಮ್ಮೆ ಹಚ್ಚಿ ಒರೆಸಿಕೋ ಎಂದರು. ಸುಮತಿ ಹೇಳಿದ ಮಾತು ಮೀರುವವಳಲ್ಲ. ಒಂದು ಶುಕ್ರವಾರ ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು. ನಾನಾಗಲೇ ಮಾಜಿವಾಡಾದಲ್ಲಿ ಈರುಳ್ಳಿ ಉತ್ತಪ್ಪ ಮಗುಚುತ್ತಿದ್ದೆ.

ಡೊಂಬಿವಲಿಯಿಂದ ಥಾಣೆಯವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇಡ್ಲಿ ಹಿಟ್ಟಿಟ್ಟರೂ ಬೇಯುತ್ತದೆ. ಥಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಗೇಟಿಗೆ ಬಂದು ಅವಳು ಮುಚ್ಚಳ ತೆಗೆದರೆ ಒಳಗೆ ನೀರು. ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಹೆಬ್ಬೆರಳು ಅದ್ದಿದಳು, ಕರ್ಚೀಫಿನಲ್ಲಿ ಒರೆಸಿದ ಹಾಗೆ ಮಾಡಿದಳು, ಒತ್ತಿದಳು. ಮೆಷಿನ್ನು ಥ್ಯಾಂಕ್ ಯೂ ಅನ್ನಲಿಲ್ಲ, ಟ್ರೈ ಅಗೇನ್ ಅನ್ನಲಿಲ್ಲ, ಕುಂಯ್ ಎಂದು ಸುಮ್ಮನಾಯಿತು. ವಾಚ್‌ಮನ್ ಬಂದು ತನ್ನ ಕರವಸ್ತ್ರದಿಂದ ತಿಕ್ಕಿ ಎಣ್ಣೆಯನ್ನು ಗಾಜಿನ ತುಂಬ ಹರಡಿದ. ಹಿಂದೆ ನಿಂತವರಿಗೆಲ್ಲ ಲೇಟ್ ಮಾರ್ಕ್. ತನ್ನ ಲೇಟ್ ಮಾರ್ಕು ಮುಚ್ಚಿಕೊಳ್ಳಲು ಈ ಹುಡುಗಿ ಬೇಕೆಂದೇ ಮೆಷಿನ್ನಿಗೆ ಎಣ್ಣೆ ಸವರಿದ್ದಾಳೆ ಎಂದು ಯಾರೋ ಅಂದರು. ಆಫೀಸಿನ ಮೇಡಂ ಅದನ್ನೇ ಅವಳ ಫೈಲಿನಲ್ಲಿ ಬರೆದರು.

ಸಂಜೆ ಬಂದವಳು ಬ್ಯಾಗನ್ನು ಕೆಳಗಿಡದೆ ಕೂತಳು. "ನನ್ನ ಮೈಯೇ ಸರಿ ಇಲ್ಲ ಅಣ್ಣ. ಔಷಧ ಕೂಡ ನನ್ನ ಕೈಯಲ್ಲಿ ನೀರಾಗ್ತದೆ" ಎಂದಳು. ಆ ಕ್ಷಣಕ್ಕೆ ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಹೊರಗೆ ಬಂದದ್ದು ಮಾತ್ರ, "ಎಕ್ಸ್‌ಪೈರಿ ಮಾಲು ಕೊಟ್ಟಿದ್ದಾನೆ ಆ ಮೆಡಿಕಲ್‌ನವ, ಬಿಡುವುದಿಲ್ಲ ನಾನು!" ಎಂದು. ಭಾನುವಾರ ಅವಳು ನಿಜವಾಗಿಯೂ ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಸುಳ್ಳಿಗೆ ಸ್ವಲ್ಪ ಜೋರು ಬೇಕಾಗುತ್ತದೆ. ನಾನು ಹತ್ತು ಜನರ ಮುಂದೆ ಕೂಗಾಡಿದೆ. ಅಂಗಡಿಯವನು ತಾಳ್ಮೆಯಿಂದ ಮುಚ್ಚಳ ತೆಗೆದ, ಮೂಸಿದ, ಮತ್ತೊಮ್ಮೆ ಮೂಸಿದ. "ಅಣ್ಣಾ, ಹೇ ತರ್ ಖೋಬರೇಲ್ ಆಹೇ" ಎಂದ. ಇದು ಕೊಬ್ಬರಿ ಎಣ್ಣೆಯಲ್ಲವೇ ಎಂದು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೂಡ ಮೂಸಿ ತಲೆಯಾಡಿಸಿದಳು.

ಸುಮತಿ ಡಬ್ಬಿಗೆ ಮುಚ್ಚಳ ಹಾಕಿ ಬ್ಯಾಗಿನಲ್ಲಿಟ್ಟುಕೊಂಡಳು. ವಾಪಸು ಬರುವಾಗ ನಾನು ಮುಂದೆ, ಅವಳು ಹಿಂದೆ. ಗಂಡಸಿನ ಹಿಮ್ಮಡಿಯನ್ನು ಯಾರೂ ನೋಡುವುದಿಲ್ಲ ಎಂದೆನಲ್ಲ, ಹಿಂದೆ ನಡೆಯುವವರು ನೋಡುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. "ಅಣ್ಣ, ನಿಲ್ಲು" ಎಂದಳು. ನಿಂತೆ. "ಈ ವರ್ಷ ನಿನ್ನ ಚಾದರದ ನೂಲು ಎಳೀಲಿಲ್ಲ ಯಾಕೆ?"

ರಿಕ್ಷಾ ಸ್ಟ್ಯಾಂಡಿನ ನಡುವೆ ನಿಂತು ಎಲ್ಲ ಹೇಳಿದೆ, ಫ್ರಿಜ್ಜಿನ ಸಮೇತ. ಅವಳು ಬೈದಿದ್ದರೆ ಒಳ್ಳೆಯದಿತ್ತು. "ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?" ಎಂದಳು, ಅಷ್ಟೇ. ನಾಲ್ಕು ಹೆಜ್ಜೆ ಹೋದಮೇಲೆ ತಿರುಗಿ, "ನಾಳೆ ರಜೆ ಹಾಕು. ಮೇಡಂ ಹತ್ತಿರ ನೀನೇ ಬಂದು ಹೇಳು" ಎಂದಳು.

ಮರುದಿನ ರಬಾಳೆಯ ಗೇಟಿನಲ್ಲಿ ಆ ಮೆಷಿನ್ನನ್ನು ಮೊದಲ ಸಲ ನೋಡಿದೆ. ಬೆಂಕಿಪೆಟ್ಟಿಗೆಯಷ್ಟು ಗಾಜು, ಅದಕ್ಕೆ ಇಷ್ಟು ಕೊಬ್ಬು. ಹೊರಗಿನವರೂ ಒತ್ತಬೇಕಂತೆ. "ಅಂಗೂಠಾ ಲಗಾವ್" ಎಂದ ವಾಚ್‌ಮನ್. ಒತ್ತಿದೆ. "ಪ್ಲೀಸ್ ಟ್ರೈ ಅಗೇನ್." ಇಪ್ಪತ್ತು ವರ್ಷ ಕಾವಲಿ ಮುಟ್ಟಿದ ಬೆರಳು, ಗೆರೆಗಳೆಲ್ಲ ದೋಸೆಗೆ ಅಂಟಿ ಗಿರಾಕಿಗಳ ಹೊಟ್ಟೆಗೆ ಹೋಗಿವೆ. ಹತ್ತು ಬೆರಳನ್ನೂ ಒತ್ತಿಸಿ ಸೋತು, ಅವನು ರಿಜಿಸ್ಟರ್ ಕೊಟ್ಟ. ಅಮ್ಮನನ್ನು ನೆನೆದು ದೊಡ್ಡದಾಗಿ ಕನ್ನಡದಲ್ಲಿ ಸಹಿ ಮಾಡಿದೆ. ಆ ಬೆಳಿಗ್ಗೆ ಆ ಗೇಟಿನಲ್ಲಿ ಸಹಿ ಹಾಕಿದ ವಿದ್ಯಾವಂತ ನಾನೊಬ್ಬನೇ. ಪಕ್ಕದಲ್ಲಿ ಬಂದ ಕಾರಣ ಬರೆಯಬೇಕಿತ್ತು. "ಕ್ರೀಮು ಕದ್ದದ್ದನ್ನು ಒಪ್ಪಿಕೊಳ್ಳಲು" ಎಂದು ಬರೆದೆ. ಕನ್ನಡ ಓದಲು ಬಾರದ ವಾಚ್‌ಮನ್ ಅಷ್ಟುದ್ದದ ಬರಹ ಕಂಡು, "ಜಾಯಿಯೇ ಸರ್" ಎಂದು ಸಲಾಮು ಹೊಡೆದ.

ಮೇಡಂ ಎದುರು ನನಗೆ ಬರುವ ಹಿಂದಿಯನ್ನೆಲ್ಲ ಖರ್ಚು ಮಾಡಿದೆ. ಡಬ್ಬಿ, ಎಣ್ಣೆ, ಫ್ರಿಜ್ಜು. ಆಕೆ ನಗಲಿಲ್ಲ. ನನ್ನ ಹಿಮ್ಮಡಿಯ ಕಡೆ ಪೆನ್ನು ತೋರಿಸಿ, "ಏಡೀ ದಿಖಾವ್" ಎಂದರು. ಚಪ್ಪಲಿ ಬಿಟ್ಟು ಹಿಂದೆ ತಿರುಗಿ ನಿಂತೆ. ಸಾಕ್ಷಿ ಹಿಮ್ಮಡಿಯಲ್ಲೇ ಹೊಳೆಯುತ್ತಿತ್ತು. ಆಕೆ ಫೈಲು ತೆಗೆದು ಬರೆದದ್ದನ್ನು ಹೊಡೆದುಹಾಕಿ, ಸುಮತಿಯ ಬೆರಳು ಸರಿಹೋಗುವವರೆಗೆ ಸಹಿ ಹಾಕಲಿ ಎಂದು ಚೀಟಿ ಕೊಟ್ಟರು. ನಾವು ಬಾಗಿಲು ದಾಟುವಾಗ ಹಿಂದಿನಿಂದ, "ಸುನೋ, ಕ್ರೀಮ್ ಕೌನ್‌ಸಾ ಹೈ?" ಎಂದು ಕೇಳಿದರು. ಹೆಸರು ನನಗೆಲ್ಲಿ ಗೊತ್ತು? ಸುಮತಿಯೇ ಹಲ್ಲು ಕಚ್ಚಿಕೊಂಡು ಹೇಳಿದಳು.

ಮಾರ್ಚಿನ ಪಟ್ಟಿಯಲ್ಲಿ ಅವಳ ಹೆಸರು ಬಂತು. ಅಂದು ಸಂಜೆ ಅವಳು ನನಗೂ ಒಂದು ಡಬ್ಬಿ ತಂದಳು, ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು. ಈಗ ಮತ್ತೆ ಎಣ್ಣೆ ಗಟ್ಟಿಯಾಗಿದೆ. ಕದ್ದ ಕ್ರೀಮನ್ನು ಒಂದು ದಿನವೂ ತಪ್ಪದೆ ಹಚ್ಚಿದವನು ನಾನು. ಸ್ವಂತದ ಡಬ್ಬಿಯ ಸೀಲು ಇನ್ನೂ ಒಡೆದಿಲ್ಲ. ನಾಳೆಯಿಂದ, ನಾಳೆಯಿಂದ ಎನ್ನುತ್ತಲೇ ಹಿಮ್ಮಡಿ ಮೊದಲಿನಂತಾಯಿತು. ಮಲಗಿ ಕಾಲು ಚಾಚಿದರೆ ಚಾದರ ಚರ್ ಎನ್ನುತ್ತದೆ. ಆಚೆ ಮೂಲೆಯಿಂದ ಸುಮತಿ ತನ್ನ ಡಬ್ಬಿಯನ್ನು ದಿಂಬಿನ ಕೆಳಗೆ ಸರಿಸಿ, ಕಣ್ಣು ಮುಚ್ಚಿಕೊಂಡೇ ಮೆಷಿನ್ನಿನ ಹೆಂಗಸಿನ ದನಿಯಲ್ಲಿ ಹೇಳುತ್ತಾಳೆ: "ಥ್ಯಾಂಕ್ ಯೂ."