ಅತ್ತಿಗೆಯ ಗಂಟಲು ತಪಾಸಣೆ

ನಮ್ಮ ಅತ್ತಿಗೆಯ ಮನೆಯೊಳಗೆ ಕಾಲಿಡುವುದಕ್ಕಿಂತ ಅಮೆರಿಕದೊಳಗೆ ಕಾಲಿಡುವುದು ಸುಲಭ! ಅಲ್ಲಿ ವೀಸಾ ತೋರಿಸಿದರೆ ಸಾಕು; ಇಲ್ಲಿ ಗಂಟಲು ತೋರಿಸಬೇಕು.

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ನಮ್ಮ ಹಾಗೆ ಅವರದೂ ಅಮೆರಿಕದಲ್ಲೇ, ಡಬ್ಲಿನ್ ಎಂಬ ಊರಿನಲ್ಲಿ ಮನೆ. ಡಾಟ್ ಕಾಮ್ ಭರಾಟೆಯ ದಿನಗಳವು. ಗಂಡಸರೆಲ್ಲ ಶನಿವಾರವೂ ಆಫೀಸಿನಲ್ಲೇ ಬೀಡುಬಿಟ್ಟಿರುತ್ತಿದ್ದರು. ನಾವು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಸರದಿ ಅತ್ತಿಗೆಯದಾದರೆ ಮಕ್ಕಳು ಶೂ ಬಿಚ್ಚಿ, ಬಾಗಿಲಲ್ಲೇ ಸಾಲಾಗಿ ನಿಂತು ಬಾಯಿ ತೆರೆಯಬೇಕು. ಅತ್ತಿಗೆಯ ಕೈಯಲ್ಲಿ ಟಾರ್ಚು. ನಾಲಿಗೆ ಒತ್ತಲು ಮಗುವಿಗೊಂದು ಹೊಸ ಪ್ಲಾಸ್ಟಿಕ್ ಚಮಚ. ಒಮ್ಮೆ ಊಟಕ್ಕೆ ಬಂದ ಭಾವನ ಅಮೆರಿಕನ್ ಮ್ಯಾನೇಜರು ಬಾಗಿಲಲ್ಲಿ ಕೆಮ್ಮಿಬಿಟ್ಟ. ಟಾರ್ಚು ಬಂತು. ಪಾಪ, ಇದು ನಮ್ಮ ಕಡೆಯ ಸ್ವಾಗತ ಪದ್ಧತಿಯಿರಬೇಕೆಂದುಕೊಂಡು ಆತ 'ಆ' ಎಂದು ಬಾಯಿ ತೆರೆದು, ಕೈಯನ್ನೂ ಮುಗಿದ!

ಹುಟ್ಟುಹಬ್ಬಕ್ಕೆ ಎಲ್ಲರೂ ಆಟಿಕೆ ಕೊಟ್ಟರೆ ಇವರು ಕೊಡುವುದು ಟೂತ್‌ಬ್ರಷ್ಷು. ಗಂಟಲು ಕೆಟ್ಟು ವಾಸಿಯಾದ ಮಗು ಹಳೇ ಬ್ರಷ್ಷು ಬಾಯಿಗಿಟ್ಟರೆ ರೋಗವನ್ನೇ ಮತ್ತೆ ಬಾಯಿಗಿಟ್ಟ ಹಾಗೆ ಎಂಬುದು ಅವರ ಸಿದ್ಧಾಂತ. ಇಂಥವರ ಜೊತೆ ಯಾರಿಗೆ ತಾನೇ ಸ್ನೇಹ ಉಳಿದೀತು? ನಗುತ್ತಲೇ ಎಲ್ಲರೂ ದೂರವಾಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

ಆ ಶನಿವಾರ ಸರದಿ ನನ್ನದು, ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನಲ್ಲಿ. ಏಳು ವರ್ಷದ ನನ್ನ ಮಗ ಬೆಳಗ್ಗಿನಿಂದ ಗಂಟಲು ನೋವೆನ್ನುತ್ತಿದ್ದ. ನಿನ್ನೆಯ ಐಸ್‌ಕ್ರೀಮಿನ ಪ್ರತಾಪವೆಂದು ಸುಮ್ಮನಿದ್ದೆ. ದೊಡ್ಡ ಬೋಗುಣಿಯಲ್ಲಿ ಮೊಸರನ್ನ ಕಲೆಸಿ ಐದು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದೆ. ಬರ್ಗರ್ ತಿನ್ನುವ ಮಕ್ಕಳು ಹಕ್ಕಿಮರಿಗಳ ಹಾಗೆ ಬಾಯಿ ತೆರೆಯುತ್ತಿದ್ದರೆ ನನಗೆ ಎಂಥ ಹೆಮ್ಮೆ! ತಡವಾಗಿ ಬಂದ ಅತ್ತಿಗೆ ಬಾಗಿಲಲ್ಲೇ ನಿಂತು ನೋಡಿದರು.

"ಒಂದೇ ಕೈ, ಐದು ಬಾಯಿ. ಕಾನ್ವೆಂಟಲ್ಲಿ ಇದನ್ನೇನಾ ಕಲ್ಸಿದ್ದು?"

ಎಲ್ಲರೆದುರು ಬೋಗುಣಿ ಕಿತ್ತುಕೊಂಡರು. ಮಗನ ಗಂಟಲಿಗೆ ಟಾರ್ಚು ಹಾಕಿ, ಕೆಂಪಗಿದೆ, ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೊರಡಿ ಎಂದರು. ಹತ್ತು ನಿಮಿಷದಲ್ಲಿ ಮನೆ ಖಾಲಿ. ಬಿಸಿಬೇಳೆಬಾತನ್ನು ಯಾರೂ ಮುಟ್ಟಿರಲಿಲ್ಲ. ಸಿಟ್ಟು ಬಂದರೆ ಮುಗುಳ್ನಗಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅತ್ತಿಗೆಯ ಕಾರು ತಿರುಗುವವರೆಗೂ ಮುಗುಳ್ನಕ್ಕೆ.

ಸೋಮವಾರ ಡಾಕ್ಟರು ಗಂಟಲಿಗೆ ಹತ್ತಿಕಡ್ಡಿ ಆಡಿಸಿ, ತಕ್ಷಣದ ಪರೀಕ್ಷೆ ಮಾಡಿ, ಸ್ಟ್ರೆಪ್ ಎಂಬ ಗಂಟಲಿನ ಸೋಂಕು ಕಾಣುತ್ತಿಲ್ಲ ಎಂದರು. ಮನೆಗೆ ಬಂದವಳೇ ಶೂ ಕೂಡ ಬಿಚ್ಚದೆ ಅತ್ತಿಗೆಗೆ ಫೋನು ಮಾಡಿದೆ. ಆ ಕಡೆಯಿಂದ ಒಂದೇ ಮಾತು: "ಕಲ್ಚರ್ ರಿಪೋರ್ಟು ಬರ್ಲಿ ತಡಿ."

ಬಂತು. ಕಡ್ಡಿಗೆ ಅಂಟಿದ್ದನ್ನು ಎರಡು ದಿನ ಬೆಳೆಸಿ ನೋಡಿದಾಗ ಸ್ಟ್ರೆಪ್ಪೇ ಎಂದು ಕ್ಲಿನಿಕ್ಕಿನವರು ಫೋನು ಮಾಡಿದರು. ಹತ್ತು ದಿನಕ್ಕೆ ಗುಲಾಬಿ ಬಣ್ಣದ ಔಷಧಿ. ಅಷ್ಟರಲ್ಲಿ ನನ್ನ ತುತ್ತು ತಿಂದವರಲ್ಲಿ ಇಬ್ಬರಿಗೆ ಜ್ವರ. ಅವರ ತಾಯಂದಿರು ಬಹಳ ಮರ್ಯಾದೆಯಿಂದ ವಿಷಯ ತಿಳಿಸಿದರು, ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆಗೆ ಮಾತ್ರ ನಾನು ಫೋನು ಮಾಡಲಿಲ್ಲ.

ಐದನೇ ದಿನ ಮಗ ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದ. "ಐ ಆಮ್ ಫೈನ್, ಅಮ್ಮಾ," ಎಂದು ಚಮಚ ತಳ್ಳಿದ. ಜ್ವರವೇ ಇಲ್ಲದ ಮೇಲೆ ಇಷ್ಟು ಔಷಧಿ ಬರೀ ಉಷ್ಣವೆಂದು ನಾನೂ ನಿಲ್ಲಿಸಿದೆ. ಎರಡೇ ವಾರ; ಮತ್ತೆ ಜ್ವರ, ಮತ್ತೆ ಗಂಟಲು. ಡಾಕ್ಟರು ಹೊಸದಾಗಿ ಹತ್ತು ದಿನ ಬರೆದುಕೊಟ್ಟರು. ಪೂರ್ತಿ ಕೊಡದಿದ್ದರೆ ಇದು ಹೃದಯಕ್ಕೂ ಹೋಗಬಹುದೆಂದು ಸೌಮ್ಯವಾಗಿಯೇ ಹೇಳಿದರು. ಆ ಸಂಜೆ ಮಗನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ತಮ್ಮನಿಂದ, ಎಂದರೆ ನಮ್ಮ ಯಜಮಾನರಿಂದ, ಸುದ್ದಿ ತಿಳಿದು ಅತ್ತಿಗೆ ಸೂಟ್‌ಕೇಸಿನ ಸಮೇತ ಬಂದಿಳಿದರು. ಫ್ರಿಜ್ ತೆರೆದವರ ಕಣ್ಣಿಗೆ ಮೊದಲು ಬಿದ್ದದ್ದು ಅರ್ಧ ತುಂಬಿದ ಹಳೇ ಬಾಟಲಿ. ನಾನು ಬೈಗುಳಕ್ಕೆ ಕಾದೆ. ಅವರು ಬಾಟಲಿಯನ್ನು ಒಮ್ಮೆ ನೋಡಿ ಕಸಕ್ಕೆ ಹಾಕಿದರು, ಅಷ್ಟೆ. ಅಂದಿನಿಂದ ಬೆಳಿಗ್ಗೆ, ಸಂಜೆ ಹೊಸ ಔಷಧಿಯನ್ನು ಅಳೆದು, ಮಹಡಿಯ ಕೋಣೆಗೆ ತಾವೇ ಒಯ್ದು ಕುಡಿಸುತ್ತಿದ್ದರು.

ಆರನೆಯ ದಿನ ಮೇಲೆ ಹೊರಟವರು ಅರ್ಧ ಮೆಟ್ಟಿಲಿಗೆ ಕಂಬಿ ಹಿಡಿದು ಕೂತುಬಿಟ್ಟರು. ತುಟಿ ಬೆಳ್ಳಗಾಗಿತ್ತು. ನಾನು ಓಡಿಹೋದೆ.

"ಏನಿಲ್ಲ ಕಣೇ, ಹಾರ್ಟಿನ ವಾಲ್ವು ಕೆಟ್ಟಿದೆ, ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು. ಒಂಬತ್ತು ವರ್ಷಕ್ಕೆ ನಂಗೂ ಹೀಗೇ ಗಂಟಲು ನೋವು ಬಂದಿತ್ತು. ಜ್ವರ ಬಿಡ್ತು ಅಂತ ಅಮ್ಮ ಮಾತ್ರೆ ನಿಲ್ಸಿದ್ಲು."

"ಇವರು ಒಂದು ದಿನವೂ ಹೇಳಲಿಲ್ವಲ್ಲ ಅತ್ತಿಗೆ?"

"ಅವನಿಗೆಲ್ಲಿ ಗೊತ್ತು? ನೀನೂ ಹೇಳ್ಬೇಡ. ಅವನ ಬಾಯಲ್ಲಿ ಮಾತು ನಿಲ್ಲಲ್ಲ, ಅಮ್ಮನಿಗೆ ಹೇಳ್ಬಿಡ್ತಾನೆ. ಆಮೇಲೆ ಅವಳಿಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲ್ಲ."

ಅವರ ಕೈಯಿಂದ ಔಷಧಿಯ ಬಟ್ಟಲು ತೆಗೆದುಕೊಂಡೆ. ಮೇಲೆ ಹೋಗಿ ಮಗನಿಗೆ ಕುಡಿಸಿ, ಕೆಳಗಿಳಿದು ಬಂದು ಅದೇ ಮೆಟ್ಟಿಲ ಮೇಲೆ, ಅವರ ಉಸಿರು ಸಮವಾಗುವವರೆಗೂ ಒತ್ತಿಕೊಂಡು ಕೂತೆ.